ಮುಳ್ಳಿಲ್ಲದ ಕಳ್ಳಿಯ ಕನಸುಗಾರ: ಲೂಥರ್ ಬರ್ಬ್ಯಾಂಕ್

ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಬ್ಬ ವಿದ್ಯಾರ್ಥಿ ಸೊಲ್ಲಾಪುರದಿಂದ ಒಂದು ಪುಟ್ಟ ಕುಂಡವನ್ನು ತಂದಿದ್ದ. ಅದರಲ್ಲಿ ಮೂರು ಮೂಲೆಯ ಹಸಿರು ಕಾಂಡ, ಅದರ ನೆತ್ತಿಯ ಮೇಲೆ ಕುಂಕುಮದ ಉಂಡೆಯಂತಹ ಕೆಂಪು ಗಡ್ಡೆ. ಅದು ಹೂವೋ, ಹಣ್ಣೋ, ಯಾರಾದರೂ ಬಣ್ಣ ಬಳಿದದ್ದೋ ಎಂದು ಮಕ್ಕಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಾವು ಕನ್ನಡ ಕಲಿಸುವವರು. ಆದ್ದರಿಂದ ವಿಜ್ಞಾನದ ಗುರುಗಳನ್ನು ಕೇಳಿ ತಿಳಿದುಕೊಂಡೆವು. ಅದು ಹೂವೂ ಅಲ್ಲ, ಹಣ್ಣೂ ಅಲ್ಲ. ಇಡೀ ಒಂದು ಕಳ್ಳಿಗಿಡ. ಅದರಲ್ಲಿ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಇಲ್ಲದ ಕಾರಣ ಒಳಗಿನ ಕೆಂಪು ಹೊರಗೆ ಕಾಣುತ್ತದೆ. ಪತ್ರಹರಿತ್ತು ಇಲ್ಲದ ಗಿಡ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಆದ್ದರಿಂದ ಅದನ್ನು ಹಸಿರು ಕಳ್ಳಿಯ ಮೇಲೆ ಕಸಿ ಕಟ್ಟಿ, ಆ ಗಿಡದ ಆಶ್ರಯದಲ್ಲಿ ಬದುಕಿಸುತ್ತಾರೆ.

ನಿಸರ್ಗವು ಹೀಗೆ ಆಗಾಗ ತನ್ನ ನಿಯಮವನ್ನು ತಾನೇ ಮುರಿಯುತ್ತದೆ. ಒಂದು ಬಿಂದುವಿನಿಂದ ಬೆಳೆಯಬೇಕಾದ ತುದಿ ಗೆರೆಯಂತೆ ಅಗಲವಾಗಿ ಬೆಳೆದರೆ ಕಳ್ಳಿಗೆ ಬೀಸಣಿಗೆಯಂತಹ ಜುಟ್ಟು ಬರುತ್ತದೆ. ನಮ್ಮ ಅಂಗಳದ ಕೋಳಿಜುಟ್ಟಿನ ಹೂವಿನಲ್ಲಿಯೂ ಇದೇ ಬಗೆಯ ಬೆಳವಣಿಗೆಯನ್ನು ಕಾಣಬಹುದು. ಕೆಲವು ಗಿಡಗಳಲ್ಲಿ ಹಸಿರಿನ ನಡುವೆ ಹಳದಿ, ಬಿಳಿ ಪಟ್ಟೆಗಳು ಮೂಡುತ್ತವೆ. ಸಾಮಾನ್ಯರು ಇಂಥವನ್ನು ವಿಕಾರವೆಂದು ಕಿತ್ತು ಬಿಸಾಡುತ್ತಾರೆ. ಆಸಕ್ತರು ಎತ್ತಿಕೊಂಡು ಸಾಕುತ್ತಾರೆ. ಹೀಗೆ ಬೇರೆಯಾಗಿ ಹುಟ್ಟಿದ ಗಿಡವನ್ನು ಎತ್ತಿಕೊಳ್ಳುವುದನ್ನೇ ಜೀವನದ ಕಸುಬಾಗಿ ಮಾಡಿಕೊಂಡು ಜಗತ್ಪ್ರಸಿದ್ಧನಾದವನು ಅಮೆರಿಕದ ಲೂಥರ್ ಬರ್ಬ್ಯಾಂಕ್. ಬರದ ನಾಡಿನವರಾದ ನಾವು ತಿಳಿಯಲೇಬೇಕಾದ ಜೀವನ ಆತನದು.

ಬರ್ಬ್ಯಾಂಕನು 1849ನೆಯ ಮಾರ್ಚ್ 7ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲ್ಯಾಂಕ್ಯಾಸ್ಟರ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಒಕ್ಕಲುತನದ ಜೊತೆಗೆ ಇಟ್ಟಿಗೆ ಸುಡುವ ಕೆಲಸವನ್ನೂ ಮಾಡಿಸುತ್ತಿದ್ದನು. ತುಂಬಿದ ಮನೆ, ಈತ ತಂದೆಗೆ ಹದಿಮೂರನೆಯ ಮಗು. ಊರಿನ ಶಾಲೆಯ ಓದು ಮುಗಿಯಿತು. ಕಾಲೇಜಿನ ಮೆಟ್ಟಿಲನ್ನು ಆತ ಹತ್ತಲಿಲ್ಲ. ಆದರೆ ಪುಸ್ತಕದ ನಂಟನ್ನು ಬಿಡಲಿಲ್ಲ. ಸಾಕುಪ್ರಾಣಿ ಹಾಗೂ ಬೆಳೆಗಳಲ್ಲಿ ಕಾಣುವ ವ್ಯತ್ಯಾಸಗಳನ್ನು ಕುರಿತು ಚಾರ್ಲ್ಸ್ ಡಾರ್ವಿನ್ ಬರೆದ ಗ್ರಂಥವು 1868ರಲ್ಲಿ ಪ್ರಕಟವಾಗಿತ್ತು. ಅದನ್ನು ಓದಿದ ಮೇಲೆ ಬರ್ಬ್ಯಾಂಕನ ಬಾಳಿನ ದಾರಿ ನಿಶ್ಚಿತವಾಯಿತು. ತಂದೆ ತೀರಿಕೊಂಡ ನಂತರ ತನ್ನ ಪಾಲಿಗೆ ಬಂದ ಹಣದಿಂದ 17 ಎಕರೆ ಭೂಮಿ ಕೊಂಡು ಕಾಯಿಪಲ್ಲೆ ಬೆಳೆಯತೊಡಗಿದನು.

ಒಂದು ದಿನ ತನ್ನ ಆಲೂಗಡ್ಡೆಯ ಸಾಲಿನಲ್ಲಿ ಒಂದು ಗಿಡಕ್ಕೆ ಕಾಯಿ ಕಟ್ಟಿದ್ದು ಆತನ ಕಣ್ಣಿಗೆ ಬಿತ್ತು. ಆ ಜಾತಿಯ ಆಲೂಗಡ್ಡೆಗೆ ಕಾಯಿ ಬಿಡುವುದು ಬಲು ಅಪರೂಪ. ಆಲೂಗಡ್ಡೆಯನ್ನು ಗಡ್ಡೆಯ ತುಂಡು ನೆಟ್ಟು ಬೆಳೆಯುವುದು ರೂಢಿ. ತುಂಡಿನಿಂದ ಬಂದದ್ದೆಲ್ಲ ತಾಯಿಗಿಡದಂತೆಯೇ ಇರುತ್ತದೆ. ಆದರೆ ಬೀಜದಿಂದ ಬಂದ ಒಂದೊಂದು ಸಸಿಗೂ ಒಂದೊಂದು ಗುಣ. ಆ ಕಾಯಿಯಲ್ಲಿ 23 ಬೀಜಗಳಿದ್ದವು. ಅವೆಲ್ಲವನ್ನೂ ಬಿತ್ತಿ, ಬಂದ ಬೆಳೆಯಲ್ಲಿ ಎಲ್ಲಕ್ಕಿಂತ ಉತ್ತಮವಾದುದನ್ನು ಆರಿಸಿದನು. ಅದೇ ಬರ್ಬ್ಯಾಂಕ್ ಆಲೂಗಡ್ಡೆ. ಅದರ ಹಕ್ಕನ್ನು ಬೀಜದ ವ್ಯಾಪಾರಿಯೊಬ್ಬನಿಗೆ 150 ಡಾಲರಿಗೆ ಮಾರಿ, ಹತ್ತು ಗಡ್ಡೆಗಳನ್ನು ಮಾತ್ರ ತನಗಾಗಿ ಇಟ್ಟುಕೊಂಡು, 1875ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಎಂಬ ಊರಿಗೆ ಹೊರಟನು. ಮುಂದೆ ಅದೇ ಆಲೂಗಡ್ಡೆಯಲ್ಲಿ ತಾನಾಗಿಯೇ ಒಂದು ಉತ್ಪರಿವರ್ತನೆಯಾಗಿ ಒರಟು ಕಂದು ಸಿಪ್ಪೆಯ ತಳಿ ಹುಟ್ಟಿತು. ಇಂದಿಗೂ ಅಮೆರಿಕದಲ್ಲಿ ಅತಿ ಹೆಚ್ಚು ಬೆಳೆಯುವ ಆಲೂಗಡ್ಡೆಗಳಲ್ಲಿ ಅದು ಒಂದು. ಕೆಂಪು ಕಳ್ಳಿಯಂತೆ ಅದೂ ನಿಸರ್ಗದ ಒಂದು ಆಕಸ್ಮಿಕವೇ.

ಹೊಸ ಊರಿನಲ್ಲಿ ಮೊದಮೊದಲು ಆತ ಪಟ್ಟ ಪಾಡು ಅಷ್ಟಿಷ್ಟಲ್ಲ. ಸಿಕ್ಕ ಕೂಲಿ ಮಾಡಿದನು. ಮೆಲ್ಲಗೆ ಸಸಿಗಳ ವ್ಯಾಪಾರ ಕೈ ಹಿಡಿಯಿತು. 1881ರಲ್ಲಿ ಒಬ್ಬ ಶ್ರೀಮಂತನು ಅದೇ ವರ್ಷ ನಾಟಿಗೆ ಸಿದ್ಧವಾಗುವಂತೆ 20,000 ಪ್ಲಮ್ ಸಸಿಗಳನ್ನು ಕೇಳಿದನು. ಅಷ್ಟು ಸಸಿಗಳಿಗೆ ಎರಡು ವರ್ಷವಾದರೂ ಬೇಕೆಂದು ಉಳಿದವರೆಲ್ಲ ಕೈಚೆಲ್ಲಿದ್ದರು. ಬರ್ಬ್ಯಾಂಕನು ಬೇಗ ಮೊಳೆಯುವ ಬಾದಾಮಿ ಬೀಜ ಬಿತ್ತಿ, ಆ ಸಸಿಗಳ ಮೇಲೆ ಪ್ಲಮ್ ಕಣ್ಣುಗಳನ್ನು ಕಸಿ ಮಾಡಿ, ಹೇಳಿದ ಕಾಲಕ್ಕೆ ಬಹುತೇಕ ಎಲ್ಲ ಸಸಿಗಳನ್ನೂ ಒಪ್ಪಿಸಿದನು. ಅಲ್ಲಿಂದ ಆತನ ಹೆಸರು ಹಬ್ಬಿತು.

ಆತನ ಪದ್ಧತಿ ಹೇಳಲು ಸುಲಭ, ಮಾಡಲು ಕಷ್ಟ. ದೂರದೂರದ ಗಿಡಗಳನ್ನು ತರಿಸಿ ಒಂದರ ಪರಾಗವನ್ನು ಇನ್ನೊಂದಕ್ಕೆ ಸೋಕಿಸುವುದು. ಸಾವಿರಾರು ಸಸಿಗಳನ್ನು ಬೆಳೆಸುವುದು. ಅವುಗಳಲ್ಲಿ ಒಂದೆರಡನ್ನು ಆರಿಸಿ ಉಳಿದವನ್ನು ಸುಟ್ಟುಬಿಡುವುದು. ಆರಿಸಿದ್ದನ್ನು ಕಸಿಯಿಂದಲೋ ತುಂಡಿನಿಂದಲೋ ಹೆಚ್ಚಿಸುವುದು. ಶಾಸ್ತಾ ಡೇಸಿ ಎಂಬ ಬಿಳಿ ಹೂವಿಗಾಗಿ ಆತ 17 ವರ್ಷ ದುಡಿದನು. ಅದು 1901ರಲ್ಲಿ ಪೇಟೆಗೆ ಬಂದಿತು. ಒಟ್ಟು 800ಕ್ಕೂ ಹೆಚ್ಚು ಹೊಸ ತಳಿಗಳನ್ನು ಆತ ಕೊಟ್ಟನೆಂದು ಲೆಕ್ಕವಿದೆ. ಅವುಗಳಲ್ಲಿ ಪ್ಲಮ್ ಹಣ್ಣಿನವೇ ನೂರಕ್ಕೂ ಮಿಕ್ಕಿವೆ.

ಇಷ್ಟೆಲ್ಲ ಯಶಸ್ಸಿನ ನಡುವೆ ಆತನ ಮನಸ್ಸನ್ನು ಹಿಡಿದ ಗಿಡವೆಂದರೆ ಪಾಪಾಸುಕಳ್ಳಿ. ಮರಾಠಿಯಲ್ಲಿ ನಾವು ನಿವಡುಂಗ ಎನ್ನುವುದು ಇದನ್ನೇ. ಭೂಮಿಯ ಮೇಲೆ ಮಳೆ ಬಾರದ ನಾಡು ಎಷ್ಟೋ ಇದೆ. ಅಲ್ಲಿ ದನಗಳು ಹಸಿದು ಸಾಯುತ್ತವೆ. ಪಕ್ಕದಲ್ಲಿಯೇ ನೀರು ತುಂಬಿದ ಕಳ್ಳಿ ನಿಂತಿರುತ್ತದೆ. ಆದರೆ ಮುಳ್ಳಿನಿಂದಾಗಿ ಬಾಯಿ ಹಾಕುವಂತಿಲ್ಲ. ಬರ ಬಂದಾಗ ಟೆಕ್ಸಾಸ್ ಸಂಸ್ಥಾನದ ದನಗಾರರು ಮುಳ್ಳನ್ನು ಬೆಂಕಿಯಿಂದ ಸುಟ್ಟು ಕಳ್ಳಿಯನ್ನು ದನಗಳಿಗೆ ತಿನ್ನಿಸುತ್ತಿದ್ದರು. ಹುಟ್ಟಿನಿಂದಲೇ ಮುಳ್ಳಿಲ್ಲದ ಕಳ್ಳಿಯಿದ್ದರೆ? ಮೆಕ್ಸಿಕೋ ಮೊದಲಾದ ಕಡೆಗಳಿಂದ ಮುಳ್ಳು ಕಡಿಮೆಯಿದ್ದ ಕಳ್ಳಿಗಳನ್ನು ತರಿಸಿ ಸಂಕರ ಮಾಡುತ್ತ ವರ್ಷಗಟ್ಟಲೆ ದುಡಿದನು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಮೈಯೆಲ್ಲ ನಾಟಿ, ಅವನ್ನು ತೆಗೆಯಲು ಚರ್ಮವನ್ನೇ ಕೆರೆಯಬೇಕಾಗುತ್ತಿತ್ತು. ಕೊನೆಗೆ ಕೆನ್ನೆಗೆ ಒತ್ತಿಕೊಂಡರೂ ಚುಚ್ಚದ ಕಳ್ಳಿ ಕೈಗೆ ಬಂದಿತು. 1907ರಲ್ಲಿ ಅದರ ಪಟ್ಟಿಯನ್ನು ಪ್ರಕಟಿಸಿದನು. ಮರುಭೂಮಿಯೆಲ್ಲ ಹುಲ್ಲುಗಾವಲಾಗುವುದೆಂದು ಪತ್ರಿಕೆಗಳು ಹೊಗಳಿದವು.

ಮಕ್ಕಳೇ, ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡವರ ಜೀವನದಲ್ಲಿ ಗೆಲುವನ್ನಷ್ಟೇ ಹೇಳಿ ಸೋಲನ್ನು ಮರೆಮಾಚಿದರೆ ನಮಗೆ ಪಾಠ ದೊರೆಯದು. 1912ರಲ್ಲಿ ಕೆಲವರು ಬರ್ಬ್ಯಾಂಕನ ಹೆಸರಿನಲ್ಲಿ ಒಂದು ಕಂಪನಿ ಕಟ್ಟಿದರು. ಆತ ತನ್ನ ಹೆಸರು ಕೊಟ್ಟನು, ವ್ಯವಹಾರವನ್ನು ನೋಡಲಿಲ್ಲ. ಬೇಡಿಕೆ ಹೆಚ್ಚಾದಾಗ ಸಾಮಾನ್ಯ ಕಳ್ಳಿಯ ಮುಳ್ಳನ್ನೇ ಉಜ್ಜಿ ತೆಗೆದು ಕಂಪನಿಯವರು ಮಾರಿದರೆಂಬ ಅಪವಾದ ಬಂದಿತು. ನಿಜವಾದ ತಳಿಗೂ ತೊಡಕುಗಳಿದ್ದವು. ಮುಳ್ಳೆಂಬುದು ಕಳ್ಳಿಯ ರಕ್ಷಣೆ. ಅದು ಹೋದ ಮೇಲೆ ಬೇಲಿ ಹಾಕದಿದ್ದರೆ ಮೊಲ, ದನಗಳು ಬೇರೂರುವ ಮೊದಲೇ ತಿಂದು ಮುಗಿಸುತ್ತಿದ್ದವು. ಗಡ್ಡೆ ಕಟ್ಟುವ ಚಳಿಯನ್ನು ಅದು ತಾಳುತ್ತಿರಲಿಲ್ಲ. ಒಳ್ಳೆಯ ಬೆಳೆ ಬೇಕಾದರೆ ಅದಕ್ಕೂ ಸ್ವಲ್ಪ ನೀರು ಬೇಕಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಮುಳುಗಿತು. ಹಣ ಹಾಕಿದವರು ಕೈಸುಟ್ಟುಕೊಂಡರು; ಬರ್ಬ್ಯಾಂಕನ ಹೆಸರಿಗೂ ಮಸಿ ಹತ್ತಿತು.

ಇನ್ನೊಂದು ಕೊರತೆಯೂ ಇತ್ತು. 1905ರಿಂದ ಕಾರ್ನೆಗಿ ಸಂಸ್ಥೆಯು ಆತನಿಗೆ ವರ್ಷಕ್ಕೆ 10,000 ಡಾಲರ್ ಸಹಾಯ ಕೊಡುತ್ತಿತ್ತು. ಆತನ ಪ್ರಯೋಗಗಳನ್ನು ಶಾಸ್ತ್ರೀಯವಾಗಿ ದಾಖಲಿಸಲು ಒಬ್ಬ ವಿಜ್ಞಾನಿಯನ್ನೂ ಕಳುಹಿಸಿತ್ತು. ಆದರೆ ಯಾವುದಕ್ಕೆ ಯಾವುದನ್ನು ಸೇರಿಸಿದೆ, ಎಷ್ಟು ಸಸಿ ಬಂದವು ಎಂಬ ಲೆಕ್ಕವನ್ನು ಬರ್ಬ್ಯಾಂಕನು ಸರಿಯಾಗಿ ಬರೆದಿಡುತ್ತಿರಲಿಲ್ಲ. ಎಲ್ಲವೂ ಆತನ ಕಣ್ಣಿನಲ್ಲಿ, ನೆನಪಿನಲ್ಲಿ. 1909ರ ಹೊತ್ತಿಗೆ ಆ ಸಹಾಯ ನಿಂತುಹೋಯಿತು. ಆತನ ಕಣ್ಣಿನ ಜಾಣ್ಮೆ ಆತನೊಂದಿಗೇ ಹೋಯಿತು. ಬರೆದಿಟ್ಟಿದ್ದರೆ ಮುಂದಿನವರಿಗೆ ದಾರಿಯಾಗುತ್ತಿತ್ತು. ಪ್ರಯೋಗವಹಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬರದನ್ನೊಬ್ಬರು ನೋಡಿ ಬರೆಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು.

ಬರ್ಬ್ಯಾಂಕನಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ ಮಕ್ಕಳನ್ನು ಬೆಳೆಸುವ ಬಗೆಯನ್ನು ಕುರಿತು ಒಂದು ಪುಸ್ತಕ ಬರೆದನು. ಎಳೆಯ ಮಗುವನ್ನು ಸಸಿಯಂತೆ ಕಾಣಬೇಕು, ಬಿಸಿಲು, ಗಾಳಿ, ಆಟ, ಪ್ರೀತಿ ಕೊಡಬೇಕು, ಬೇಗನೆ ಪುಸ್ತಕದ ಭಾರ ಹೇರಬಾರದು ಎಂಬುದು ಅದರ ಸಾರಾಂಶ. ನಮ್ಮ ದೇಶದ ಪರಮಹಂಸ ಯೋಗಾನಂದರು ಸಾಂಟಾ ರೋಸಾದ ತೋಟದಲ್ಲಿ ಆತನನ್ನು ಕಂಡು ಆಪ್ತರಾದರು. 1946ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಅವರು ಬರ್ಬ್ಯಾಂಕನ ನೆನಪಿಗೇ ಅರ್ಪಿಸಿದ್ದಾರೆ.

1926ನೆಯ ಏಪ್ರಿಲ್ 11ರಂದು ಬರ್ಬ್ಯಾಂಕನು ತೀರಿಕೊಂಡನು. ತನ್ನ ಮನೆಯ ಅಂಗಳದಲ್ಲಿ, ತಾನೇ ಬೆಳೆಸಿದ ದೇವದಾರು ಜಾತಿಯ ಮರದ ಕೆಳಗೆ ಆತನನ್ನು ಮಣ್ಣು ಮಾಡಿದರು. ಹೊಸ ಗಿಡ ಸೃಷ್ಟಿಸಿದವರಿಗೆ ಹಕ್ಕು ಕೊಡುವ ಕಾಯಿದೆಯು ಅಮೆರಿಕದಲ್ಲಿ 1930ರಲ್ಲಿ ಬಂದಿತು; ಆತ ಇಲ್ಲವಾದ ಮೇಲೆ 16 ಹಕ್ಕುಪತ್ರಗಳು ಆತನ ಹೆಸರಿಗೆ ದೊರೆತವು. ಆತನ ಜನ್ಮದಿನದಂದು ಕ್ಯಾಲಿಫೋರ್ನಿಯಾದಲ್ಲಿ ಗಿಡ ನೆಡುವ ದಿನವನ್ನು ಆಚರಿಸುತ್ತಾರೆ.

ಆಶ್ಚರ್ಯವೆಂದರೆ, ಅದೇ 1926ರಲ್ಲಿ ಹೊಲಗಳನ್ನು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ನಾಶಮಾಡಲು ಸಿಂಹಳದಿಂದ ಒಂದು ಜಾತಿಯ ಹುಳವನ್ನು ನಮ್ಮ ದೇಶಕ್ಕೆ ತಂದರು. ಒಬ್ಬರಿಗೆ ವರವಾಗಿ ಕಂಡದ್ದು ಇನ್ನೊಬ್ಬರಿಗೆ ಪೀಡೆ. ಈಗ ಕಾಲ ಮತ್ತೆ ಹೊರಳಿದೆ. ಝಾನ್ಸಿಯ ಹುಲ್ಲು ಮತ್ತು ಮೇವು ಸಂಶೋಧನ ಸಂಸ್ಥೆಯಂತಹ ಕಡೆಗಳಲ್ಲಿ ಮುಳ್ಳಿಲ್ಲದ ಕಳ್ಳಿಯನ್ನು ಬರಗಾಲದ ಮೇವಾಗಿ ಬೆಳೆಸುವ ಪ್ರಯೋಗಗಳು ನಡೆದಿವೆ. ಅದೊಂದನ್ನೇ ತಿನ್ನಿಸಿದರೆ ದನಗಳಿಗೆ ಸಾಲದು. ಒಣಮೇವಿನೊಂದಿಗೆ ಬೆರೆಸಿ ಕೊಡಬೇಕು.

1972ರ ಬರವನ್ನು ನಮ್ಮ ಅಕ್ಕಲಕೋಟೆಯ ಹಿರಿಯರು ಇನ್ನೂ ಮರೆತಿಲ್ಲ. 2013ರಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲಿ ದನಗಳ ಛಾವಣಿಗಳು ಎದ್ದದ್ದನ್ನು ನಾವೆಲ್ಲ ಬಲ್ಲೆವು. ಕಣಿಕೆಯ ಬಣವೆ ಕರಗಿದಾಗ ಎತ್ತಿನ ಕಣ್ಣನ್ನು ನೋಡಿದ ಒಕ್ಕಲಿಗನಿಗೆ ಬರ್ಬ್ಯಾಂಕನ ಕನಸು ಹುಚ್ಚೆಂದು ತೋರಲಾರದು. ಆತ ಅವಸರಪಟ್ಟನು, ಪರರನ್ನು ನಂಬಿ ಕೆಟ್ಟನು. ಆದರೆ ಕಂಡ ಕನಸು ಸುಳ್ಳಲ್ಲ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಹೊಸ ಬೀಜ, ಹೊಸ ಸಸಿ ಎಂಬ ಜಾಹೀರಾತು ಕಂಡಾಗ ಮೊದಲು ಒಂದು ಮೂಲೆಯಲ್ಲಿ ನೆಟ್ಟು ನೋಡಿರಿ, ಆಮೇಲೆ ಹಣ ಹಾಕಿರಿ. ಹಾಗೆಯೇ ನಿಮ್ಮ ಮನೆಯಲ್ಲಿ ಉಳಿದವರಂತಿಲ್ಲದ ಮಗುವೊಂದಿದ್ದರೆ ಅದನ್ನು ವಿಕಾರವೆಂದು ಚಿವುಟದಿರಿ. ಆಲೂಗಡ್ಡೆಯ ಸಾಲಿನಲ್ಲಿ ಆ ಒಂದು ಕಾಯಿಯನ್ನು ಕಂಡು ನಿಂತ ಹುಡುಗನಂತೆ, ಸ್ವಲ್ಪ ಹೊತ್ತು ನಿಂತು ನೋಡಿರಿ. ಪ್ರದರ್ಶನದ ಆ ಕೆಂಪು ಕಳ್ಳಿ ಈಗ ನಮ್ಮ ಶಾಲೆಯ ಕಿಟಕಿಯಲ್ಲಿದೆ. ಅದಕ್ಕೆ ಹೆಚ್ಚು ನೀರು ಹಾಕಬಾರದೆಂಬುದನ್ನು ಮಾತ್ರ ಮಕ್ಕಳಿಗೆ ದಿನವೂ ನೆನಪಿಸಬೇಕಾಗಿದೆ.