ನೂರು ವರ್ಷ ಮುಂದಿನವರಿಗಾಗಿ ಬರೆದಿಟ್ಟ ಜೋಸೆಫ್ ಗ್ರಿನೆಲ್

ಬಿ.ಎಸ್‌ಸಿ.ಯಲ್ಲಿ ಪರಿಸರ ವಿಜ್ಞಾನ ಓದಿದವರಿಗೆ ‘ನಿಚ್’ ಪರಿಕಲ್ಪನೆಯ ಜೊತೆ ಜೋಸೆಫ್ ಗ್ರಿನೆಲ್ ಅವರ ಹೆಸರೂ ಪರಿಚಿತ. ಅವರ ಬದುಕಿನ ಇನ್ನೊಂದು ಮುಖ, ಶಿಕ್ಷಕರಾಗಲಿರುವ ನಮಗೆ ಹೆಚ್ಚು ಹತ್ತಿರದ್ದು ಎಂದು ನನಗನಿಸಿದೆ.

ಗ್ರಿನೆಲ್ 1877ರಲ್ಲಿ ಅಮೆರಿಕದಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದರು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬೆಳೆದು, ಅಲ್ಲಿನ ಥ್ರೂಪ್ ಪಾಲಿಟೆಕ್ನಿಕ್‌ನಲ್ಲಿ ಓದಿ, ಮುಂದೆ ಅಲ್ಲಿಯೇ ಅಧ್ಯಾಪಕರಾದರು. 1908ರಲ್ಲಿ ಆನಿ ಅಲೆಕ್ಸಾಂಡರ್ ಎಂಬ ಮಹಿಳೆ ತಮ್ಮ ಹಣದಿಂದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಶೇರುಕ ಪ್ರಾಣಿಗಳ ವಸ್ತುಸಂಗ್ರಹಾಲಯ ಆರಂಭಿಸಿದಾಗ ಗ್ರಿನೆಲ್ ಅದರ ಮೊದಲ ನಿರ್ದೇಶಕರಾದರು. 1939ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದರು.

ಗಣಿ, ಕೃಷಿ, ಊರುಗಳ ಬೆಳವಣಿಗೆಯಿಂದ ಕ್ಯಾಲಿಫೋರ್ನಿಯಾ ಬೇಗ ಬದಲಾಗುತ್ತಿದ್ದ ಕಾಲವದು. ಸಂಗ್ರಹದ ನಿಜವಾದ ಬೆಲೆ ತಿಳಿಯುವುದು ಬಹುಶಃ ಒಂದು ಶತಮಾನದ ನಂತರ ಎಂದು ಅವರು 1910ರಲ್ಲೇ ಬರೆದಿದ್ದರು. ಆದ್ದರಿಂದ ಪ್ರಾಣಿಯ ಮಾದರಿಯಷ್ಟೇ ಟಿಪ್ಪಣಿಯೂ ಮುಖ್ಯ ಎಂದು ಪಟ್ಟು ಹಿಡಿದರು. ತಂಡದ ಪ್ರತಿಯೊಬ್ಬರೂ ದಿನಾಂಕ, ಸ್ಥಳ, ಎತ್ತರ, ಸಸ್ಯವರ್ಗ, ಹಾಕಿದ ಬೋನುಗಳ ಸಂಖ್ಯೆ, ಅವುಗಳಲ್ಲಿ ಸಿಕ್ಕ ಪ್ರಾಣಿಗಳನ್ನು ಮಾಸದ ಶಾಯಿಯಲ್ಲಿ ಬರೆಯಬೇಕಿತ್ತು. 1914ರಿಂದ 1920ರವರೆಗೆ ಯೊಸೆಮಿಟಿ ಪ್ರದೇಶದ ಸಮೀಕ್ಷೆ ನಡೆದದ್ದು ಹೀಗೆಯೇ.

ಈಗ ಆ ಟಿಪ್ಪಣಿಪುಸ್ತಕಗಳು ಸ್ಕ್ಯಾನ್ ಆಗಿವೆ. ಮಾದರಿಗಳ ಚೀಟಿಗಳಲ್ಲಿದ್ದ ಮಾಹಿತಿ ಗಣಕದ ದತ್ತಸಂಚಯಕ್ಕೆ ಸೇರಿದೆ. ಬರೆದಿಟ್ಟ ಸ್ಥಳವಿವರಣೆಗಳನ್ನು ಅಕ್ಷಾಂಶ, ರೇಖಾಂಶಗಳಾಗಿ ಪರಿವರ್ತಿಸಲಾಗಿದೆ. 2003ರಲ್ಲಿ ಅದೇ ಸಂಗ್ರಹಾಲಯದ ವಿಜ್ಞಾನಿಗಳು ಆ ಪುಟಗಳ ಆಧಾರದ ಮೇಲೆ ಯೊಸೆಮಿಟಿಯ ಮರುಸಮೀಕ್ಷೆ ಆರಂಭಿಸಿದರು. ಅಧ್ಯಯನ ಮಾಡಿದ 28 ಸಣ್ಣ ಸಸ್ತನಿ ಪ್ರಭೇದಗಳಲ್ಲಿ ಸುಮಾರು ಅರ್ಧದಷ್ಟು, ಸರಾಸರಿ 500 ಮೀಟರ್‌ನಷ್ಟು ಬೆಟ್ಟದ ಮೇಲಕ್ಕೆ ಸರಿದಿದ್ದವು. ಈ ಅವಧಿಯಲ್ಲಿ ಅಲ್ಲಿನ ಕನಿಷ್ಠ ತಾಪಮಾನ ಸುಮಾರು 3 ಡಿಗ್ರಿ ಸೆಲ್ಸಿಯಸ್ ಏರಿತ್ತು. ಬೋನುಗಳ ಲೆಕ್ಕ ಬರೆದಿಡದಿದ್ದರೆ, ಒಂದು ಪ್ರಾಣಿ ಅಂದು ಅಲ್ಲಿ ಇರಲಿಲ್ಲವೋ ಅಥವಾ ಯಾರೂ ಸರಿಯಾಗಿ ಹುಡುಕಲಿಲ್ಲವೋ ಎಂದು ಅಂದಾಜಿಸುವುದು ಕಷ್ಟವಾಗುತ್ತಿತ್ತು.

ಎಂಟನೇ ತರಗತಿಯ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಪಾಠದಲ್ಲಿ ಈ ಜೀವನಕಥೆ ಹೇಳಿ, ಶಾಲೆಯ ಆವರಣದ ಹಕ್ಕಿಗಳನ್ನು ದಾಖಲಿಸುವ ಚಟುವಟಿಕೆ ಕೊಟ್ಟೆ. ಹಕ್ಕಿಯ ಹೆಸರಿನ ಜೊತೆ ದಿನಾಂಕ, ಜಾಗ, ಎಷ್ಟು ನಿಮಿಷ ನೋಡಿದರು ಎಂಬ ಕಾಲಂಗಳೂ ಇದ್ದವು. ಒಂದೂ ಗುಬ್ಬಿ ಕಾಣದಿದ್ದರೆ ಪುಟ ಖಾಲಿ ಬಿಡಬೇಕೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇಪ್ಪತ್ತು ನಿಮಿಷ ಕಾದರೂ ಗುಬ್ಬಿ ಕಾಣಲಿಲ್ಲ ಎಂಬುದೂ ಮಾಹಿತಿಯೇ, ಹಾಗೆಯೇ ಬರೆ ಎಂದೆ. ಇಂಥ ಪುಸ್ತಕಗಳನ್ನು ವರ್ಷದ ಕೊನೆಗೆ ರದ್ದಿಗೆ ಹಾಕದೆ ಶಾಲೆಯಲ್ಲೇ ಉಳಿಸಿದರೆ, ಮುಂದೆ ಬರುವ ಶಿಕ್ಷಕರಿಗೆ ಹೋಲಿಸಿ ನೋಡಲು ಒಂದು ಆಧಾರವಿರುತ್ತದೆ.