ಅತುಲ್ ಚಿಟ್ನಿಸ್

ಅತುಲ್ ಚಿಟ್ನಿಸ್ (20 ಫೆಬ್ರವರಿ 1962 – 3 ಜೂನ್ 2013) ಭಾರತದ ತಂತ್ರಜ್ಞಾನ ಸಲಹೆಗಾರರು ಹಾಗೂ ಲೇಖಕರು. ಕರ್ನಾಟಕದಲ್ಲಿ ಮುಕ್ತ ತಂತ್ರಾಂಶದ ಬಳಕೆದಾರರನ್ನು ಸಂಘಟಿಸಿದವರಲ್ಲಿ ಪ್ರಮುಖರು.

ಜೀವನ

ಇವರು ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ಬೆಳಗಾವಿಯ ಗೋಗಟೆ ತಾಂತ್ರಿಕ ಮಹಾವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಅನಂತರ ಬೆಂಗಳೂರಿನಲ್ಲಿ ನೆಲೆಸಿದರು. ಭಾರತದ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರಲ್ಲಿ. ಅದಕ್ಕೂ ಮೊದಲೇ, 1989ರಲ್ಲಿ, ದೂರವಾಣಿಯ ಮೂಲಕ ಗಣಕಗಳನ್ನು ಜೋಡಿಸಿ ಸಂದೇಶ ಮತ್ತು ಕಡತಗಳನ್ನು ಹಂಚಿಕೊಳ್ಳುವ ಸೇವೆಯೊಂದನ್ನು ಇವರು ಆರಂಭಿಸಿದ್ದರು.

ಬಳಕೆದಾರರ ಸಂಘಟನೆ

ಲಿನಕ್ಸ್ ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆ. ಆದರೆ ಅಂದಿನ ನಿಧಾನಗತಿಯ ಸಂಪರ್ಕದಲ್ಲಿ ಅದನ್ನು ಇಳಿಸಿಕೊಳ್ಳುವುದು ಕಷ್ಟವಾಗಿತ್ತು. ಚಿಟ್ನಿಸ್ ಅವರು ಸಲಹಾ ಸಂಪಾದಕರಾಗಿದ್ದ ‘ಪಿಸಿ ಕ್ವೆಸ್ಟ್’ ಪತ್ರಿಕೆಯು 1996ರಿಂದ ಲಿನಕ್ಸ್ ಸಿ.ಡಿ.ಗಳನ್ನು ಸಂಚಿಕೆಯೊಡನೆ ನೀಡತೊಡಗಿತು. ಇದರಿಂದ ಮಹಾನಗರಗಳಾಚೆಯ ಓದುಗರಿಗೂ ಅದು ತಲುಪಿತು.

ಸಿ.ಡಿ. ಕೈಸೇರಿದರೂ ಅಳವಡಿಕೆಯ ತೊಡಕು ಬಿಡಿಸಲು ಬಲ್ಲವರ ನೆರವು ಬೇಕಿತ್ತು. ಇಂತಹ ನೆರವಿಗೆಂದು ರೂಪುಗೊಂಡ ಬೆಂಗಳೂರು ಲಿನಕ್ಸ್ ಬಳಕೆದಾರರ ಗುಂಪನ್ನು ಬೆಳೆಸುವಲ್ಲಿ ಇವರು ಮುಖ್ಯ ಪಾತ್ರ ವಹಿಸಿದರು. 2001ರಲ್ಲಿ ಸ್ವಯಂಸೇವಕರೊಡನೆ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನವನ್ನು ಏರ್ಪಡಿಸಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆಯಿತು. ಬಳಕೆದಾರರು ಕೇವಲ ಕೇಳುಗರಾಗಿ ಉಳಿಯದೆ ತಂತ್ರಾಂಶದ ರಚನೆಗೂ ಕೈಜೋಡಿಸಬೇಕೆಂಬುದು ಇವರ ನಿಲುವಾಗಿತ್ತು. ಆದ್ದರಿಂದ ನಂತರದ ಸಮ್ಮೇಳನಗಳಲ್ಲಿ ಭಾಷಣಗಳ ಜೊತೆಗೆ, ಎಲ್ಲರೂ ಕುಳಿತು ಕೆಲಸ ಮಾಡುವ ಗೋಷ್ಠಿಗಳಿಗೂ ಮಹತ್ವ ದೊರೆಯಿತು. ಈ ಸರಣಿಯ ಕೊನೆಯ ಸಮ್ಮೇಳನ 2012ರಲ್ಲಿ ನಡೆಯಿತು.

ನಿಧನ

ಕರುಳಿನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಚಿಟ್ನಿಸ್ ಅವರು 2013ರ ಜೂನ್ 3ರಂದು ಬೆಂಗಳೂರಿನಲ್ಲಿ ನಿಧನರಾದರು.