ಹೊಸತನದ ಓಟದಲ್ಲಿ ಹಳೆಯದನ್ನು ನೆಚ್ಚಿ ಗೆದ್ದ ಗುಂಪೇ ಯೊಕೊಯಿ

ಮಗುವಿನ ಕೈಯಿಂದ ಜಾರಿ ಬಿದ್ದರೂ ಸುಲಭಕ್ಕೆ ಒಡೆಯದ, ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ದೂರದ ಪ್ರಯಾಣ ಮುಗಿಯುವವರೆಗೂ ನಡೆಯುವ, ಕೊಡಿಸುವ ಹೆತ್ತವರ ಜೇಬಿಗೂ ಅಷ್ಟಾಗಿ ಭಾರವಾಗದ ಆಟದ ಸಾಧನವೊಂದು 1989ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಿತು. ಅದರ ಹೆಸರು ಗೇಮ್ ಬಾಯ್. ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಸಾಧನಗಳ ಚರಿತ್ರೆಯನ್ನೇ ಬದಲಿಸಿದ ಈ ಪುಟ್ಟ ಪೆಟ್ಟಿಗೆಯಲ್ಲಿ ಆ ಕಾಲದ ಅತ್ಯಾಧುನಿಕ ಎನ್ನಬಹುದಾದ ಒಂದೇ ಒಂದು ಬಿಡಿಭಾಗವೂ ಇರಲಿಲ್ಲ ಎಂಬುದು ಅಚ್ಚರಿಯ ಸಂಗತಿ. ಅದು ಬಡತನದಿಂದಾದ ಕೊರತೆಯಲ್ಲ, ಬೇಕೆಂದೇ ಮಾಡಿದ ಆಯ್ಕೆ. ಆ ಆಯ್ಕೆಯ ಹಿಂದಿದ್ದವರು ನಿಂಟೆಂಡೊ ಕಂಪನಿಯ ಎಂಜಿನಿಯರ್ ಗುಂಪೇ ಯೊಕೊಯಿ.

ಹೊಸ ತಂತ್ರಜ್ಞಾನ ತನ್ನೊಂದಿಗೆ ಯಾರೂ ಕಂಡರಿಯದ ದೋಷಗಳನ್ನೂ ಹೊತ್ತು ತರುತ್ತದೆ. ಬಳಸಿ ಬಳಸಿ ಹಳತಾದ ತಂತ್ರಜ್ಞಾನದ ದೋಷಗಳು ಎಲ್ಲರಿಗೂ ಗೊತ್ತಿರುತ್ತವೆ, ಬೆಲೆಯೂ ಇಳಿದಿರುತ್ತದೆ. ಆದ್ದರಿಂದ ಹಳೆಯ ಬಿಡಿಭಾಗಕ್ಕೆ ಯಾರೂ ಊಹಿಸದ ಹೊಸ ಉಪಯೋಗ ಹುಡುಕುವುದೇ ಜಾಣತನ. ಯೊಕೊಯಿ ಅವರ ವೃತ್ತಿಜೀವನದ ಸಾರ ಇಷ್ಟೇ. ಈ ನಂಬಿಕೆಯನ್ನು ಹಿಡಿದಾಗ ಅವರು ಗೆದ್ದರು. ಅದನ್ನು ಬಿಟ್ಟ ಒಂದೇ ಒಂದು ಸಲ ಎಡವಿದರು.

ಕಾರ್ಖಾನೆಯ ಬಿಡುವಿನ ವೇಳೆ

ಯೊಕೊಯಿ ಜನಿಸಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಪ್ರಾಚೀನ ರಾಜಧಾನಿ ಕ್ಯೋಟೊದಲ್ಲಿ. ಅದೇ ನಗರದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಅವರು 1965ರಲ್ಲಿ ನಿಂಟೆಂಡೊ ಸೇರಿದರು. ಆಗ ಆ ಕಂಪನಿಗೂ ವಿಡಿಯೊ ಗೇಮಿಗೂ ಯಾವ ನಂಟೂ ಇರಲಿಲ್ಲ. 1889ರಲ್ಲಿ ಸ್ಥಾಪನೆಯಾದ ಅದು ಹನಫುದಾ ಎಂಬ ಸಾಂಪ್ರದಾಯಿಕ ಇಸ್ಪೀಟೆಲೆಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ. ಎಲೆಗಳನ್ನು ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿ ಅವರ ಕೆಲಸ. ಎಲೆಕ್ಟ್ರಾನಿಕ್ಸ್ ಪದವೀಧರನಿಗೆ ಅದೇನೂ ಹೆಮ್ಮೆಯ ಹುದ್ದೆಯಲ್ಲ. ಆದರೆ ಯಂತ್ರ ಎಲ್ಲಿ ಸವೆಯುತ್ತದೆ, ಯಾವ ಭಾಗ ಮೊದಲು ಕೈಕೊಡುತ್ತದೆ ಎಂಬುದನ್ನು ದಿನವೂ ಕಾಣುವ ಕೆಲಸವದು.

ಬಿಡುವಿನ ವೇಳೆಯಲ್ಲಿ ಕೈ ಸುಮ್ಮನಿರದೆ ಅವರೊಂದು ಆಟಿಕೆ ಮಾಡಿಕೊಂಡರು. ಕತ್ತರಿಯಂತೆ ಹೆಣೆದ ಪಟ್ಟಿಗಳು. ಹಿಡಿಯನ್ನು ಅದುಮಿದರೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುತ್ತಿತ್ತು. ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅವರ ಕಣ್ಣಿಗೆ ಅದು ಬಿತ್ತು. ಕೆಲಸದ ವೇಳೆ ಆಟವಾಡಿದ್ದಕ್ಕೆ ಗದರಿಕೆ ನಿರೀಕ್ಷಿಸುತ್ತಿದ್ದ ತರುಣನಿಗೆ ಸಿಕ್ಕಿದ್ದು ಬೇರೆಯೇ ಆಜ್ಞೆ: ಇದನ್ನೇ ಮಾರಾಟದ ಸರಕಾಗಿಸಬೇಕು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗಿಳಿದ ಆ ಆಟಿಕೆ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರಪಾಲಕ ಆಟಿಕೆಗಳ ವಿನ್ಯಾಸಕಾರನಾದರು.

ಮುಂದಿನ ಆಟಿಕೆಗಳಲ್ಲಿಯೂ ಇದೇ ಜಾಡು. ವಿದ್ಯುತ್ ಪ್ರವಾಹ ಅಳೆಯುವ ಸಾಮಾನ್ಯ ಮಾಪಕವೊಂದನ್ನು 1969ರಲ್ಲಿ ಪ್ರೇಮ ಪರೀಕ್ಷಕವಾಗಿಸಿದರು. ಗಂಡು ಹೆಣ್ಣು ಕೈ ಹಿಡಿದು ನಿಂತರೆ ಮುಳ್ಳು ಓಡಾಡುತ್ತಿತ್ತು. ಬಿಸಿಲಿನಿಂದ ವಿದ್ಯುತ್ ಪಡೆಯಲೆಂದು ಇದ್ದ ಸೌರಕೋಶ 1970ರಲ್ಲಿ ಬೆಳಕಿನ ಬಂದೂಕಿನ ಗುರಿಫಲಕವಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಈ ಎಂಜಿನಿಯರ್ ಒಪ್ಪಲಿಲ್ಲ. ಅವರ ಮದ್ದೆಲ್ಲ ಹಿತ್ತಲಿನಿಂದಲೇ ಬಂದವು.

ರೈಲಿನಲ್ಲಿ ಮೊಳೆತ ಕಲ್ಪನೆ

ಎಪ್ಪತ್ತರ ದಶಕದ ಕೊನೆಯ ವೇಳೆಗೆ ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದಾಗಿ ಎಲ್‌ಸಿಡಿ ಪರದೆಗಳ ಬೆಲೆ ಕುಸಿದಿತ್ತು. ಬುಲೆಟ್ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕುಳಿತಿದ್ದ ಸಹಪ್ರಯಾಣಿಕನೊಬ್ಬನನ್ನು ಯೊಕೊಯಿ ಕಂಡರು. ದೊಡ್ಡವರು ನಾಲ್ಕು ಜನರ ನಡುವೆ ಸಂಕೋಚವಿಲ್ಲದೆ ಆಡಬಹುದಾದ, ಅಂಗೈಯಲ್ಲಿ ಅಡಗುವ ಆಟದ ಕಲ್ಪನೆ ಅಲ್ಲಿ ಮೊಳೆಯಿತು.

ಅದು ಕಾರ್ಯರೂಪಕ್ಕೆ ಬಂದ ಬಗೆಯೂ ಸ್ವಾರಸ್ಯಕರ. ಒಂದು ದಿನ ಚಾಲಕನಿಲ್ಲದೆ ಅಧ್ಯಕ್ಷರ ಕಾರನ್ನು ಓಡಿಸುವ ಸರದಿ ಯೊಕೊಯಿ ಅವರಿಗೆ ಬಂದಿತು. ದಾರಿಯಲ್ಲಿ ಮಾತಿಗೆ ಮಾತು ಬೆಳೆಸಲೆಂದು ಈ ವಿಚಾರ ಹೇಳಿದರು. ಯಮಾವುಚಿ ಕೇಳಿಯೂ ಕೇಳದವರಂತಿದ್ದರು. ಆದರೆ ಅಂದಿನ ಸಭೆಯಲ್ಲಿ ಅವರ ಪಕ್ಕದಲ್ಲಿ ಕುಳಿತವರು ಕ್ಯಾಲ್ಕುಲೇಟರ್ ತಯಾರಿಸುವ ಶಾರ್ಪ್ ಕಂಪನಿಯ ಮುಖ್ಯಸ್ಥರು. ಕೆಲವೇ ದಿನಗಳಲ್ಲಿ ಶಾರ್ಪ್‌ನವರು ನಿಂಟೆಂಡೊ ಬಾಗಿಲಿಗೆ ಬಂದರು.

ಬಳಸಿ ಪಳಗಿದ ಎಲ್‌ಸಿಡಿಯೂ ಹೊಸ ಜಾಗದಲ್ಲಿ ಹೊಸ ತೊಂದರೆ ಕೊಟ್ಟಿತು. ಪರದೆಯ ಪದರಗಳು ಒಂದಕ್ಕೊಂದು ತಾಗಿದಲ್ಲಿ ನ್ಯೂಟನ್ ಉಂಗುರಗಳೆಂದು ಭೌತವಿಜ್ಞಾನ ಕರೆಯುವ ಬಣ್ಣದ ವರ್ತುಲಗಳು ಮೂಡಿ ಚಿತ್ರವನ್ನು ಮಸುಕಾಗಿಸುತ್ತಿದ್ದವು. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳನ್ನು ಮೂಡಿಸಿ, ಪದರಗಳ ನಡುವೆ ಕೂದಲೆಳೆಯ ಅಂತರ ಉಳಿಸಿ ಈ ದೋಷ ನೀಗಿಸಲಾಯಿತು. 1980ರ ಏಪ್ರಿಲ್‌ನಲ್ಲಿ ಗೇಮ್ ಆ್ಯಂಡ್ ವಾಚ್ ಮಾಲಿಕೆಯ ಮೊದಲ ಆಟ ಬಾಲ್ ಬಿಡುಗಡೆಯಾಯಿತು. ಆಡುವಾಗ ಆಟ, ಉಳಿದಾಗ ಗಡಿಯಾರ. ಮಾಲಿಕೆಯ ಒಟ್ಟು ಮಾರಾಟ 4.34 ಕೋಟಿ ಮುಟ್ಟಿತು.

ಅಧಿಕ ಚಿಹ್ನೆಯ ಗುಂಡಿ

1982ರಲ್ಲಿ ಡಾಂಕಿ ಕಾಂಗ್ ಆಟವನ್ನು ಪುಸ್ತಕದಂತೆ ಮಡಚುವ ಎರಡು ಪರದೆಯ ಸಾಧನಕ್ಕೆ ಇಳಿಸುವಾಗ ಮತ್ತೊಂದು ತೊಡಕು ಎದುರಾಯಿತು. ಅಂಗಡಿಗಳ ದೊಡ್ಡ ಯಂತ್ರಗಳಲ್ಲಿ ಆಟಗಾರನನ್ನು ನಡೆಸಲು ನಿಲುವು ಕೋಲು ಇರುತ್ತಿತ್ತು. ಮಡಚುವ ಸಾಧನದಲ್ಲಿ ಕೋಲು ನಿಂತರೆ ಮುಚ್ಚಳ ಮುಚ್ಚದು, ಜೇಬಿಗೆ ಹಾಕಿದರೆ ಮುರಿಯುತ್ತದೆ. ನಾಲ್ಕು ಬಿಡಿ ಗುಂಡಿಗಳಿಟ್ಟರೆ ಹೆಬ್ಬೆರಳು ದಾರಿ ತಪ್ಪುತ್ತದೆ. ಯೊಕೊಯಿ ಕಂಡುಕೊಂಡ ಪರಿಹಾರ ಗಣಿತದ ಅಧಿಕ ಚಿಹ್ನೆಯಂತಹ ಒಂದೇ ಗುಂಡಿ. ನಡುವೆ ಒಂದು ಆಧಾರ, ಸುತ್ತ ನಾಲ್ಕು ತೋಳು. ಯಾವ ಕಡೆ ಒತ್ತಿದರೂ ಅತ್ತ ಬಾಗಿ ಕೆಳಗಿನ ವಿದ್ಯುತ್ ಸಂಪರ್ಕ ಮುಟ್ಟುತ್ತದೆ. ಪರದೆಯಿಂದ ಕಣ್ಣು ತೆಗೆಯದೆಯೇ ದಿಕ್ಕು ಬೆರಳಿಗೆ ತಿಳಿಯುತ್ತದೆ. ಮುರಿಯಬಲ್ಲ ಭಾಗವನ್ನು ತೆಗೆದುಹಾಕಲು ಹುಟ್ಟಿದ ಈ ಗುಂಡಿ ಇಂದು ಜಗತ್ತಿನ ಬಹುಪಾಲು ಆಟದ ಸಾಧನಗಳಲ್ಲಿದೆ.

ಬಣ್ಣವಿಲ್ಲದ ಗೆಲುವು

ಸಟೋರು ಒಕಾಡಾ ಮೊದಲಾದ ಸಹೋದ್ಯೋಗಿಗಳೊಂದಿಗೆ ರೂಪಿಸಿದ ಗೇಮ್ ಬಾಯ್ ಹುಟ್ಟುವ ಮುನ್ನವೇ ಕಣ್ಮುಚ್ಚುವ ಸ್ಥಿತಿ ತಲುಪಿತ್ತು. ಮೊದಲ ಮಾದರಿಯ ಪರದೆ ನೇರವಾಗಿ ನೋಡಿದರೆ ಮಾತ್ರ ಕಾಣುತ್ತಿತ್ತು, ಸ್ವಲ್ಪ ಓರೆಯಾದರೂ ಚಿತ್ರ ಮಾಯ. ಅಧ್ಯಕ್ಷರು ನೋಡಿ ಮುಖ ಗಂಟಿಕ್ಕಿದರು. ಯೊಕೊಯಿ ಅವರ ಪಾಲಿಗೆ ಅವು ತೀವ್ರ ಆತಂಕದ ದಿನಗಳು. ಕೊನೆಗೆ ಬೇರೆ ಬಗೆಯ ಎಲ್‌ಸಿಡಿ ಅಳವಡಿಸಿ ಯೋಜನೆಯನ್ನು ಉಳಿಸಿಕೊಳ್ಳಲಾಯಿತು.

1989ರ ಏಪ್ರಿಲ್ 21ರಂದು 12,500 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂದ ಸಾಧನದ ಪರದೆ ಪಾಚಿ ಹಸಿರು. ನಾಲ್ಕೇ ಛಾಯೆಗಳು, ಹಿಂಬದಿ ದೀಪವಿಲ್ಲ. ವೇಗವಾಗಿ ಓಡುವ ಚಿತ್ರ ನೆರಳಿನಂತೆ ಹರಡಿಕೊಳ್ಳುತ್ತಿತ್ತು. ಅದೇ ವರ್ಷ ಅಮೆರಿಕದ ಅಟಾರಿ ಕಂಪನಿ ಬಣ್ಣದ, ದೀಪವಿರುವ ಲಿಂಕ್ಸ್ ಸಾಧನವನ್ನು ತಂದಿತು. 1990ರಲ್ಲಿ ಸೆಗಾ ಕಂಪನಿಯ ಗೇಮ್ ಗಿಯರ್ ಬಂದಿತು. ಮೇಲ್ನೋಟಕ್ಕೆ ಗೇಮ್ ಬಾಯ್ ಸೋಲಬೇಕಿತ್ತು.

ಆದದ್ದೇ ಬೇರೆ. ಎದುರಾಳಿಗಳು ಆರು ಸೆಲ್‌ಗಳನ್ನು ನಾಲ್ಕೈದು ಗಂಟೆಗಳಲ್ಲಿ ಬರಿದು ಮಾಡುತ್ತಿದ್ದರೆ, ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಅದರ ಎರಡು ಮೂರು ಪಟ್ಟು ಹೊತ್ತು ನಡೆಯುತ್ತಿತ್ತು. ಅಮೆರಿಕದಲ್ಲಿ ಲಿಂಕ್ಸ್ ಬೆಲೆ ಸುಮಾರು 180 ಡಾಲರ್, ಗೇಮ್ ಬಾಯ್‌ನದು ಅದರ ಅರ್ಧ. ಗೇಮ್ ಗಿಯರ್‌ನೊಳಗಿನ ಸಣ್ಣ ಕೆಪಾಸಿಟರ್‌ಗಳು ಕಾಲಾಂತರದಲ್ಲಿ ಸೋರಿ, ಪರದೆ ಮಂಕಾಗಿ ಧ್ವನಿ ಅಡಗುವುದು ಸಂಗ್ರಹಕಾರರಿಗೆಲ್ಲ ಪರಿಚಿತವಾದ ದೋಷ. ಗೇಮ್ ಬಾಯ್ ಮಾತ್ರ ದಪ್ಪ ಪ್ಲಾಸ್ಟಿಕ್ ಕವಚದೊಳಗೆ ಗಟ್ಟಿಯಾಗಿ ಉಳಿಯಿತು. ಕೊಲ್ಲಿ ಯುದ್ಧದ ಕಾಲದಲ್ಲಿ ಬೆಂಕಿಗೆ ಸಿಕ್ಕಿ ಕವಚ ಕರಗಿದರೂ ನಡೆಯುತ್ತಿದ್ದ ಗೇಮ್ ಬಾಯ್ ಒಂದನ್ನು ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ 2023ರವರೆಗೂ ಪ್ರದರ್ಶನಕ್ಕಿಡಲಾಗಿತ್ತು. ನಂತರದ ಬಣ್ಣದ ಮಾದರಿಯೂ ಸೇರಿ ಒಟ್ಟು 11.87 ಕೋಟಿ ಸಾಧನಗಳು ಮಾರಾಟವಾದವು.

ಹಾಗೆಂದು ಗೇಮ್ ಬಾಯ್ ದೋಷಮುಕ್ತವಾಗಿರಲಿಲ್ಲ. ಪರದೆಯನ್ನೂ ಸರ್ಕ್ಯೂಟನ್ನೂ ಕೂಡಿಸುವ ತೆಳುಪಟ್ಟಿಯನ್ನು ಬೆಸುಗೆಯಿಂದಲ್ಲ, ಶಾಖ ಕೊಟ್ಟು ಅಂಟಿಸಲಾಗಿತ್ತು. ವರ್ಷಗಳು ಕಳೆದಂತೆ ಅಂಟು ಸಡಿಲಿ ಪರದೆಯ ಮೇಲೆ ಖಾಲಿ ಗೆರೆಗಳು ಮೂಡುತ್ತವೆ. ಮರೆತು ಒಳಗೇ ಬಿಟ್ಟ ಸೆಲ್‌ಗಳು ಸೋರಿ ಲೋಹದ ಪಟ್ಟಿಗಳು ತುಕ್ಕು ಹಿಡಿಯುತ್ತವೆ. ಆದರೆ ಇವು ದಶಕಗಳ ಬಳಿಕ ತಲೆದೋರುವ ರೋಗಗಳು, ಬಿಚ್ಚಿ ಸರಿಪಡಿಸಬಹುದಾದವು.

ಕೆಂಪು ಪರದೆಯ ಸೋಲು

ಇಂತಹ ಯೊಕೊಯಿ 1995ರಲ್ಲಿ ತಮ್ಮ ಹಾದಿಯಿಂದ ಸರಿದರು. ಅಮೆರಿಕದ ಸಂಸ್ಥೆಯೊಂದು ಅಭಿವೃದ್ಧಿಪಡಿಸಿದ್ದ ಹೊಸ ಪರದೆ ತಂತ್ರ ಅವರನ್ನು ಸೆಳೆಯಿತು. ಕೆಂಪು ಎಲ್‌ಇಡಿಗಳ ಒಂದೇ ಸಾಲು, ಅದರ ಬೆಳಕನ್ನು ಕ್ಷಿಪ್ರವಾಗಿ ಹಿಂದೆ ಮುಂದೆ ತೂಗುವ ಕನ್ನಡಿ, ಪ್ರತಿ ಕಣ್ಣಿಗೂ ಬೇರೆ ಚಿತ್ರ. ಹೀಗೆ ಆಳವುಳ್ಳ ದೃಶ್ಯ ಮೂಡಿಸುವ ವರ್ಚುವಲ್ ಬಾಯ್ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು.

ಅದು ಕೈಯಲ್ಲಿ ಹಿಡಿಯುವಂಥದ್ದೂ ಅಲ್ಲ, ತಲೆಗೆ ಧರಿಸುವಂಥದ್ದೂ ಅಲ್ಲ. ಮೇಜಿನ ಮೇಲೆ ಎರಡು ಕಾಲಿನ ಆಸರೆಗೆ ನಿಲ್ಲಿಸಿ, ಬಾಗಿ ಮುಖವೊಡ್ಡಿ ಆಡಬೇಕು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಗೆರೆಗಳಷ್ಟೇ ಕಾಣುತ್ತಿದ್ದವು. ಕತ್ತು ಸೋಲುತ್ತದೆ, ಕಣ್ಣು ನೋಯುತ್ತದೆ ಎಂಬ ದೂರುಗಳು ಬಂದವು. 7 ವರ್ಷದೊಳಗಿನ ಮಕ್ಕಳು ಬಳಸಬಾರದೆಂದು ಕಂಪನಿಯೇ ಎಚ್ಚರಿಕೆ ನೀಡಿತ್ತು. ಒಳಗಿನ ಪಟ್ಟಿ ಇಲ್ಲಿಯೂ ಅಂಟಿನದೇ. ಅದು ಬಿಟ್ಟುಕೊಂಡರೆ ಅರ್ಧ ದೃಶ್ಯವೇ ಚೂರಾಗುತ್ತಿತ್ತು. ಜಪಾನಿನಲ್ಲಿ ವರ್ಷ ತುಂಬುವ ಮೊದಲೇ ಮಾರಾಟ ನಿಂತಿತು, 1996ರ ಆರಂಭದಲ್ಲಿ ಅಮೆರಿಕದಲ್ಲಿಯೂ ಅಧ್ಯಾಯ ಮುಗಿಯಿತು. ಬಂದ ಆಟಗಳು 22. ಮಾರಾಟವಾದ ಸಾಧನಗಳು ಸುಮಾರು 7.7 ಲಕ್ಷ.

ಯೊಕೊಯಿ ಕುಗ್ಗಿ ಕೂರಲಿಲ್ಲ. ಎರಡೇ ಸಣ್ಣ ಸೆಲ್‌ಗಳಲ್ಲಿ ನಡೆಯುವ, ತೆಳ್ಳಗಿನ, ಪರದೆ ಸ್ಪಷ್ಟವಾದ ಗೇಮ್ ಬಾಯ್ ಪಾಕೆಟ್ 1996ರ ಜುಲೈನಲ್ಲಿ ಹೊರಬಂದಿತು. ಅದೇ ವರ್ಷ ಬಂದ ಪೋಕೆಮಾನ್ ಆಟ ಮುದಿಯಾಗಿದ್ದ ಗೇಮ್ ಬಾಯ್‌ಗೆ ಮರುಜೀವ ಕೊಟ್ಟಿತು. ಎರಡು ಸಾಧನಗಳನ್ನು ಕೂಡಿಸಲು ಮೊದಲ ಮಾದರಿಯಲ್ಲಿಯೇ ಒದಗಿಸಿದ್ದ ಸರಳ ತಂತಿಯೇ ಆ ಆಟದ ಜೀವನಾಡಿ ಎಂಬುದನ್ನು ಇಲ್ಲಿ ನೆನೆಯಬೇಕು.

ಹೆದ್ದಾರಿಯಲ್ಲಿ ಮುಗಿದ ಪಯಣ

1996ರ ಆಗಸ್ಟ್‌ನಲ್ಲಿ, 31 ವರ್ಷಗಳ ಸೇವೆಯ ಬಳಿಕ, ಯೊಕೊಯಿ ನಿಂಟೆಂಡೊ ತೊರೆದರು. ವರ್ಚುವಲ್ ಬಾಯ್ ಸೋಲೇ ಕಾರಣವೆಂಬ ಸುದ್ದಿ ಹಬ್ಬಿತು. ಸ್ವತಂತ್ರವಾಗಿ ದುಡಿಯುವ ಹಂಬಲ ಬಹುಕಾಲದ್ದು ಎಂದು ಹೇಳಿ ಅವರು ಅದನ್ನು ಅಲ್ಲಗಳೆದರು. ಕ್ಯೋಟೊದಲ್ಲಿಯೇ ಕೊಟೊ ಎಂಬ ಸ್ವಂತ ಸಂಸ್ಥೆ ಕಟ್ಟಿ, ಬಂದಾಯ್ ಕಂಪನಿಗಾಗಿ ಹೊಸ ಸಾಧನವೊಂದರ ವಿನ್ಯಾಸಕ್ಕೆ ಕೈಹಾಕಿದರು.

1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೊಕುರಿಕು ಹೆದ್ದಾರಿಯಲ್ಲಿ ಅವರಿದ್ದ ಕಾರು ಮತ್ತೊಂದು ವಾಹನಕ್ಕೆ ತಗುಲಿತು. ಪೆಟ್ಟು ದೊಡ್ಡದಾಗಿರಲಿಲ್ಲ. ಹಾನಿ ನೋಡಲೆಂದು ಕೆಳಗಿಳಿದಾಗ ಹಿಂದಿನಿಂದ ಬಂದ ಕಾರು ಅವರಿಗೆ ಅಪ್ಪಳಿಸಿತು. ಆಗ ಅವರಿಗೆ 56 ವರ್ಷ.

ಅವರು ಮುಗಿಸದೆ ಬಿಟ್ಟ ಸಾಧನ ವಂಡರ್‌ಸ್ವಾನ್ 1999ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಬೆಲೆ 4,800 ಯೆನ್, ಪರದೆ ಕಪ್ಪು ಬಿಳುಪು, ಒಂದೇ ಒಂದು ಪೆನ್ಸಿಲ್ ಸೆಲ್. ಕೊನೆಯ ಕೃತಿಯಲ್ಲಿ ಯೊಕೊಯಿ ಮತ್ತೆ ತಮ್ಮ ಹಳೆಯ ದಾರಿಗೆ ಮರಳಿದ್ದರು. ಅದರೊಂದಿಗೆ ಬಂದ ಒಗಟಿನ ಆಟಕ್ಕೆ ಅವರದೇ ಹೆಸರಿಟ್ಟು ಗೌರವಿಸಲಾಯಿತು. 2003ರಲ್ಲಿ ಅಂತರರಾಷ್ಟ್ರೀಯ ಗೇಮ್ ಅಭಿವೃದ್ಧಿಕಾರರ ಸಂಘ ಮರಣೋತ್ತರವಾಗಿ ಜೀವಮಾನ ಸಾಧನೆ ಪ್ರಶಸ್ತಿ ನೀಡಿತು.

ಉಳಿದ ಪಾಠ

ಅವರ ಕಾಲದ ನಂತರ ಕೈಯಲ್ಲಿ ಹಿಡಿದು ಆಡುವ ಸಾಧನಗಳು ಬಹುದೂರ ಸಾಗಿವೆ. 2017ರಲ್ಲಿ ನಿಂಟೆಂಡೊ ಹೊರತಂದ ಸ್ವಿಚ್ ಅಪಾರ ಯಶಸ್ಸು ಕಂಡಿತು. ಆದರೆ ಬೆರಳು ತಾಕಿಸದಿದ್ದರೂ ಪಾತ್ರ ತಾನಾಗಿ ಚಲಿಸುವ ದೋಷ ಅದರ ನಿಯಂತ್ರಕಗಳ ಪುಟ್ಟ ಕೋಲುಗಳಲ್ಲಿ ಕಾಣಿಸಿಕೊಂಡಿತು. 2019ರಲ್ಲಿ ಅಮೆರಿಕದ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ದಾಖಲಾದವು, 2020ರಲ್ಲಿ ಕಂಪನಿಯ ಅಧ್ಯಕ್ಷರೇ ಕ್ಷಮೆ ಯಾಚಿಸಿದರು. ಸವೆದದ್ದು ಕೋಲು, 1982ರಲ್ಲಿ ಯೊಕೊಯಿ ತೆಗೆದುಹಾಕಿದ್ದೂ ಅದನ್ನೇ. ಮೂರು ಆಯಾಮದ ಆಟಗಳಿಗೆ ಕೋಲಿಲ್ಲದೆ ಗತ್ಯಂತರವಿಲ್ಲ ಎಂಬುದು ನಿಜ. ಆದರೂ ಒಂದು ಬಿಡಿಭಾಗವನ್ನು ಸೇರಿಸುವ ಮುನ್ನ ಅದು ಹೇಗೆ ಹೊಳೆಯುತ್ತದೆ ಎಂಬುದರ ಜೊತೆಗೆ ಹೇಗೆ ಕೆಡುತ್ತದೆ ಎಂದೂ ಕೇಳಬೇಕೆಂಬುದು ಇಸ್ಪೀಟು ಕಾರ್ಖಾನೆಯ ಯಂತ್ರಪಾಲಕ ಬಿಟ್ಟುಹೋದ ಪಾಠ. ವರ್ಷಕ್ಕೊಂದು ಮೊಬೈಲ್ ಬದಲಿಸುವ ಇಂದಿನ ದಿನಗಳಲ್ಲಿ, ಮೂರೂವರೆ ದಶಕದ ಹಿಂದಿನ ಗೇಮ್ ಬಾಯ್‌ಗೆ ನಾಲ್ಕು ಹೊಸ ಸೆಲ್ ಹಾಕಿ ಗುಂಡಿ ಜರುಗಿಸಿದರೆ ಈಗಲೂ ಅದು ಬಹುಮಟ್ಟಿಗೆ ಎದ್ದು ಕೂರುತ್ತದೆ.